ಒಂದೇ ಇಸವಿ, ಎರಡು ಗಾಜು

ಮೊನ್ನೆ ಒಂದು ಪೆದ್ದು ಕೆಲಸ ಮಾಡಿದೆ. ಅದರಿಂದ ಒಂದಿಷ್ಟು ಚರಿತ್ರೆ ಕಲಿತೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ನಾನಿರೋದು ಜರ್ಮನಿಯಲ್ಲಿ. ಪಕ್ಕದ ಮನೆ ಅಜ್ಜನ ಹತ್ತಿರ 1964ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಅವರ ಹೆಂಡತಿ ಡ್ರೈವಿಂಗ್ ಕಲಿತ ಕಾರು. ಆಕೆ ಈಗಿಲ್ಲ. ಎಡ ಬಾಗಿಲ ಗಾಜು ಒಡೆದು ಎರಡು ವರ್ಷದಿಂದ ಗಾಡಿ ಶೆಡ್ಡಿನಲ್ಲೇ ಇತ್ತು. ಮೊಮ್ಮಗಳ ಮದುವೆಗೆ ಅದರಲ್ಲೇ ಹೋಗಬೇಕು ಅಂತ ಅಜ್ಜನಿಗೆ ಆಸೆ. "ಗಾಜು ನಾನು ತಂದುಕೊಡ್ತೀನಿ ಬಿಡಿ" ಅಂತ ಜಂಬ ಕೊಚ್ಚಿಕೊಂಡೆ. ಹಳೇ ಬಿಡಿಭಾಗಗಳ ಸಂತೆಗೆ ಹೋಗಿ (ನಮ್ಮ ಶಿವಾಜಿನಗರದ ಗುಜರಿ ನೆನಪಾಯ್ತು!) "64ರ ಎಡ ಬಾಗಿಲ ಗಾಜು ಕೊಡಿ" ಅಂದೆ. ಕೊಟ್ಟ. ತಂದು ಕೂರಿಸಿದರೆ ಕೂರಲೇ ಇಲ್ಲ...

ಮಾರಿದವನು ಮೋಸ ಮಾಡಿದನಾ? ಇಲ್ಲ. ಅವನದೂ 64ರದ್ದೇ, ಅಜ್ಜನದೂ 64ರದ್ದೇ. ತಪ್ಪು ನನ್ನದು. ಇಸವಿ ಕೇಳಿದೆ, ತಿಂಗಳು ಕೇಳಲಿಲ್ಲ.

ಬೀಟಲ್ ಅಂದ್ರೆ ದಶಕಗಟ್ಟಲೆ ಬದಲಾಗದ ಕಾರು ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಅದರ ಕಿಟಕಿಗಳು ಬೇರೆಯೇ ಕಥೆ ಹೇಳ್ತವೆ. ಮೊದಲು ಹಿಂದಿನ ಗಾಜು ಎರಡು ತುಂಡು, ನಡುವೆ ತಗಡಿನ ಪಟ್ಟಿ. 1952ರ ಅಕ್ಟೋಬರಿನಲ್ಲಿ ಬಾಗಿಲಿಗೆ ತ್ರಿಕೋನದ ಪುಟ್ಟ ಕಿಟಕಿ ಬಂತು, ನಮ್ಮ ಅಂಬಾಸಿಡರ್‌ನಲ್ಲಿ ಇತ್ತಲ್ಲ, ಅಂಥದ್ದೇ. ಅದುವರೆಗೆ ಗಾಜು ಇಳಿಸಲು ಹಿಡಿಯನ್ನು ಹತ್ತೂವರೆ ಸುತ್ತು ತಿರುಗಿಸಬೇಕಿತ್ತು, ಆಮೇಲೆ ಮೂರೂವರೆ ಸಾಕಾಯ್ತು. 1953ರ ಮಾರ್ಚಿನಲ್ಲಿ ನಡುವಿನ ಪಟ್ಟಿ ಹೋಗಿ ಹಿಂದಿನ ಗಾಜು ಮೊಟ್ಟೆಯಾಕಾರವಾಯ್ತು. 1957ರ ಆಗಸ್ಟಿನಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ ದೊಡ್ಡದಾಗಿ ಆಯತವಾಯ್ತು. ರಸ್ತೆಯಲ್ಲಿ ಗಾಡಿಗಳು ಹೆಚ್ಚಾದಂತೆ ಹಿಂದೆ ಯಾರು ಬರ್ತಿದ್ದಾರೆ ಅಂತ ನೋಡಲೇಬೇಕಲ್ಲ!

ನನ್ನ ಎಡವಟ್ಟಿಗೆ ಕಾರಣ 1964ರ ಆಗಸ್ಟ್. ಈ ಕಾರ್ಖಾನೆಗೆ ಹೊಸ ವರ್ಷ ಶುರುವಾಗ್ತಿದ್ದದ್ದು ಜನವರಿಯಲ್ಲಲ್ಲ, ಬೇಸಿಗೆ ರಜೆ ಮುಗಿದ ಮೇಲೆ. ಆ ಸಲ ಎಲ್ಲಾ ಗಾಜುಗಳೂ ಬೆಳೆದವು. ಮುಂದಿನದು ಶೇಕಡಾ 11ರಷ್ಟು ದೊಡ್ಡದಾಗಿ ಸ್ವಲ್ಪ ಬಾಗಿತು. ಬಾಗಿಲ ಗಾಜೂ ದೊಡ್ಡದಾಯ್ತು. ಹಾಗಾಗಿ ಜೂನ್ 64ರ ಗಾಜು ಡಿಸೆಂಬರ್ 64ರ ಬಾಗಿಲಿಗೆ ಆಗಲ್ಲ.

ಪತ್ತೆ ಮಾಡೋದು ಸುಲಭ. ತ್ರಿಕೋನದ ಕಿಟಕಿಗೂ ದೊಡ್ಡ ಗಾಜಿಗೂ ನಡುವಿನ ಪಟ್ಟಿ ನೆಟ್ಟಗಿದ್ದರೆ ಆಗಸ್ಟಿಗೆ ಮುಂಚಿನದು, ಹಿಂದಕ್ಕೆ ಒರಗಿದ್ದರೆ ಆಮೇಲಿನದು. ಭಾಗದ ಸಂಖ್ಯೆ ಇದ್ದರೆ ನಡುವಿನ ಮೂರಂಕಿ ನೋಡಿ, 845 ಅಂದರೆ ಗಾಜಿನ ಗುಂಪು. ಕೊನೆಯ ಅಂಕಿ ಸಾಮಾನ್ಯವಾಗಿ ಬೆಸವಾದರೆ ಎಡಕ್ಕೆ, ಸಮವಾದರೆ ಬಲಕ್ಕೆ. ಎಡ ಬಲ ಅಂದರೆ ಡ್ರೈವರ್ ಸೀಟಿನಲ್ಲಿ ಕೂತವರ ಎಡ ಬಲ. ಎಲ್ಲಕ್ಕಿಂತ ನಂಬಿಕಸ್ಥ ದಾರಿ ರಟ್ಟು: ಒಡೆಯದ ಬಲಗಾಜಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ, ಮಗುಚಿದರೆ ಎಡಗಾಜು!

ಮುಂದಿನ ಸಂತೆಗೆ ಆ ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದೆ. ನಾಲ್ಕನೇ ಅಂಗಡಿಯಲ್ಲಿ ಅಳತೆ ಕೂಡಿತು.

ನಿನ್ನೆ ಕೂರಿಸಿದ್ವಿ. ಅಜ್ಜ ಒಳಗೆ ಕೂತು ಹಿಡಿ ತಿರುಗಿಸಿದರು. ಅರ್ಧಕ್ಕೆ ನಿಲ್ಲಿಸಿ, "ಅವಳು ಯಾವಾಗಲೂ ಇಷ್ಟೇ ಇಳಿಸ್ತಿದ್ದಳು" ಅಂದರು.

ಮದುವೆ ಮುಂದಿನ ತಿಂಗಳು. ತಪ್ಪು ಗಾಜು ಇನ್ನೂ ನನ್ನ ಮನೆಯಲ್ಲೇ ಇದೆ. ಅದೂ ಯಾರದೋ 64ಕ್ಕೆ ಬೇಕಾಗಿರುತ್ತೆ, ಎಸೆಯಲ್ಲ.