ಬೀದಿನಾಯಿಯನ್ನು ದತ್ತು ಪಡೆಯುವ ಮುನ್ನ: ಪಶ್ಚಿಮ ಬೆಂಗಳೂರಿನ ನಾಗರಿಕರಿಗೆ ಮಾಹಿತಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಬಡಾವಣೆಗಳಲ್ಲಿ ಬೀದಿಯಿಂದ ಅಥವಾ ಆಶ್ರಯ ಕೇಂದ್ರದಿಂದ ನಾಯಿಯನ್ನು ತಂದು ಸಾಕಬಯಸುವ ನಾಗರಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅರ್ಜಿ ಸಲ್ಲಿಸುವ ವಿಧಾನಕ್ಕಿಂತ, ಅರ್ಜಿ ಸಲ್ಲಿಸಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಇಲ್ಲಿ ಹೆಚ್ಚಿನ ಸ್ಥಳ ಕೊಡಲಾಗಿದೆ.

ಹಿನ್ನೆಲೆ

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. 2019ರ ಸಮೀಕ್ಷೆಯಲ್ಲಿ ಈ ಸಂಖ್ಯೆ ಸುಮಾರು 3.10 ಲಕ್ಷವಾಗಿತ್ತು. ಸದರಿ ಪಾಲಿಕೆಯು 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳಾಗಿ ವಿಂಗಡಣೆಗೊಂಡಿದೆ.

ಸರ್ವೋಚ್ಚ ನ್ಯಾಯಾಲಯವು ದಿನಾಂಕ 22-08-2025ರ ಆದೇಶದಲ್ಲಿ, ಬೀದಿನಾಯಿಯನ್ನು ಸಾಕಲು ಇಚ್ಛಿಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಗುರುತಿಸಿದ ನಾಯಿಗೆ ಗುರುತಿನ ಬಿಲ್ಲೆ ಹಾಕಿ ದತ್ತು ನೀಡಬೇಕೆಂದೂ ತಿಳಿಸಿದೆ. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ಅರ್ಜಿದಾರರದೇ ಎಂಬುದು ಆದೇಶದ ಮುಖ್ಯ ಭಾಗ. ಮೊದಲು ಬಾಗಿಲಲ್ಲಿ ಅನ್ನ ಹಾಕಿ, ಬೇಡವಾದಾಗ ಗೇಟಿನ ಆಚೆ ಬಿಡುವುದು ನಮ್ಮ ಬೀದಿಗಳಲ್ಲಿ ಹೊಸದೇನಲ್ಲ. ದತ್ತು ಪಡೆದ ನಾಯಿಯ ವಿಷಯದಲ್ಲಿ ಆ ದಾರಿ ಮುಚ್ಚಿದೆ. ಆದಕಾರಣ ಅರ್ಜಿದಾರರು ಯೋಚಿಸಬೇಕಾದದ್ದು ತರುವ ದಿನದ ಬಗ್ಗೆ ಅಲ್ಲ, ಆರೇಳು ವರ್ಷದ ನಂತರದ ಒಂದು ಸಾಮಾನ್ಯ ದಿನದ ಬಗ್ಗೆ.

ಯಾವ ನಾಯಿಗೆ ಮನೆ ಬೇಕು

ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿರುವ ನಾಯಿಯು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಹಾಗೂ ರೇಬೀಸ್ ಲಸಿಕೆ ಪಡೆದು, ಹಿಡಿದ ಸ್ಥಳಕ್ಕೇ ಬಿಡಲ್ಪಟ್ಟದ್ದಾಗಿರುತ್ತದೆ. ತನ್ನ ಓಣಿಯಲ್ಲಿ ನಾಲ್ಕಾರು ಮನೆಗಳ ಅನ್ನ ತಿಂದು, ಅಂಗಡಿಯ ಜಗಲಿಯಲ್ಲಿ ಮಲಗುವ ಇಂತಹ ನಾಯಿಯನ್ನು ಒಂದು ಕೋಣೆಗೆ ತಂದು ಕಟ್ಟಿದರೆ ಅದಕ್ಕೆ ಉಪಕಾರವಾಗುತ್ತದೆಂದು ಹೇಳಲಾಗದು. ಮನೆ ನಿಜವಾಗಿ ಬೇಕಾದದ್ದು ತಾಯಿ ಕಳೆದುಕೊಂಡ ಮರಿಗೆ, ಅಪಘಾತದಲ್ಲಿ ಕಾಲು ಕಳೆದುಕೊಂಡದ್ದಕ್ಕೆ, ಮುದಿಯಾದದ್ದಕ್ಕೆ ಮತ್ತು ಒಮ್ಮೆ ಮನೆಯಲ್ಲಿ ಬೆಳೆದು ಹೊರದೂಡಲ್ಪಟ್ಟ ಜಾತಿನಾಯಿಗೆ. ಕೊನೆಯದು ಬೀದಿಯಲ್ಲಿ ಬಾಳಲು ಕಲಿತಿರುವುದಿಲ್ಲ. 2022ರಲ್ಲಿ ತೆರೆಕಂಡ '777 ಚಾರ್ಲಿ' ಚಿತ್ರದ ಲ್ಯಾಬ್ರಡಾರ್ ಅನ್ನು ಮೆಚ್ಚಿದವರು, ಅದೇ ತಳಿಯ ನಾಯಿಗಳೂ ಆಶ್ರಯ ಕೇಂದ್ರಗಳಿಗೆ ಬಂದು ಸೇರುತ್ತವೆ ಎಂಬುದನ್ನು ಗಮನಿಸಬಹುದು.

ಮನೆ ಮತ್ತು ಬಾಡಿಗೆ ಕರಾರು

ಸರಿಯಾದ ಪೋಷಣೆ ದೊರೆತ ನಾಡತಳಿಯ ನಾಯಿ ಸಾಮಾನ್ಯವಾಗಿ 10ರಿಂದ 14 ವರ್ಷ ಬದುಕುತ್ತದೆ. ಬಾಡಿಗೆ ಕರಾರು 11 ತಿಂಗಳದ್ದು. ಮರಿಯನ್ನು ತಂದು 12 ವರ್ಷ ಸಾಕಿದರೆ, ಆ 144 ತಿಂಗಳಲ್ಲಿ ಕರಾರು ಸುಮಾರು 13 ಬಾರಿ ಮುಗಿಯುತ್ತದೆ. ಪ್ರತಿ ಬಾರಿಯೂ ಮಾಲೀಕರು ಒಪ್ಪಬೇಕು, ಇಲ್ಲವೇ ನಾಯಿಯನ್ನು ಒಪ್ಪುವ ಇನ್ನೊಂದು ಮನೆ ಸಿಗಬೇಕು. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕವಿರುವ ಬೀದಿಗಳಲ್ಲಿ ಈ ಹುಡುಕಾಟ ಸುಲಭವಲ್ಲ. ಮನೆ ಬದಲಿಸುವಾಗ ಸಾಮಾನೆಲ್ಲ ಲಾರಿಗೆ ಏರಿ ನಾಯಿ ಮಾತ್ರ ಗೇಟಿನ ಬಳಿ ಉಳಿಯುವ ಪ್ರಸಂಗಗಳಿಗೆ ಮೂಲ ಇದೇ. ಬಾಡಿಗೆದಾರರು ಮಾಲೀಕರ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಕ್ಷೇಮ.

ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘವು ಬಹುಮತದ ನಿರ್ಣಯದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರ ಫೆಬ್ರವರಿಯ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆದರೆ ಈ ಮಾರ್ಗಸೂಚಿ ಸಂಘಗಳನ್ನು ಕುರಿತದ್ದು. ಮಾಲೀಕರು ಮತ್ತು ಬಾಡಿಗೆದಾರರ ನಡುವಿನ ಕರಾರಿಗೆ ಇದನ್ನೇ ನೆಚ್ಚಿಕೊಳ್ಳುವುದು ಸೂಕ್ತವಲ್ಲ. ಇನ್ನು, ನಾಯಿಯ ಮಲವನ್ನು ಅದನ್ನು ಕರೆದೊಯ್ದವರೇ ತೆಗೆದರೆ ನೆರೆಹೊರೆಯ ಅರ್ಧ ತಕರಾರು ಅಲ್ಲಿಗೇ ತೀರುತ್ತದೆ.

ಸಮಯ

ಬೆಳಿಗ್ಗೆ 8.30ಕ್ಕೆ ಕೆಂಗೇರಿಯಿಂದ ಹೊರಟು ಸಂಜೆ 7 ಗಂಟೆಗೆ ಮರಳುವ ದಂಪತಿಗಳ ಮನೆಯಲ್ಲಿ ನಾಯಿಯು ಹತ್ತೂವರೆ ಗಂಟೆ ಒಂಟಿಯಾಗಿರುತ್ತದೆ. ಮೂರು ತಿಂಗಳ ಮರಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಮೂತ್ರ ತಡೆಯಲಾರದು. ಒಂಟಿತನಕ್ಕೆ ಹೆದರಿದ ನಾಯಿ ದಿನವಿಡೀ ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ; ದೂರು ಬರುವುದು ಆಮೇಲೆ. ಹಗಲು ಮನೆಯಲ್ಲಿರುವ ಅತ್ತೆ ಮಾವಂದಿರು ನೋಡಿಕೊಳ್ಳುತ್ತಾರೆಂಬ ಭರವಸೆಯಿದ್ದಲ್ಲಿ, ಮೊದಲು ಅವರನ್ನೇ ಕೇಳುವುದು ಉಚಿತ. ಮಂಡಿನೋವಿರುವ ಹಿರಿಯರಿಂದ ಹಗ್ಗ ಜಗ್ಗುವ ಎಳೆಯ ನಾಯಿಯನ್ನು ಹಿಡಿದು ಮೂರನೆಯ ಮಹಡಿಯಿಂದ ಇಳಿಯಲಾಗದು. ಇಂತಹ ಮನೆಗೆ ನಾಲ್ಕೈದು ವರ್ಷ ದಾಟಿದ, ಶಾಂತ ಸ್ವಭಾವದ ನಾಯಿ ಹೆಚ್ಚು ಹೊಂದುತ್ತದೆ. ಊರಿಗೆ ಹೋಗುವಾಗ, ಮದುವೆ ಮುಂಜಿಗಳ ಕಾಲದಲ್ಲಿ ಯಾರು ನೋಡಿಕೊಳ್ಳುವರು ಎಂಬುದಕ್ಕೂ ಒಂದು ಹೆಸರು ಮೊದಲೇ ನಿಶ್ಚಯವಾಗಿರಬೇಕು.

ಆಹಾರ

ಬರೀ ಮೊಸರನ್ನದಿಂದ ನಾಯಿಗೆ ಬೇಕಾದಷ್ಟು ಪ್ರೋಟೀನ್ ಸಿಗುವುದಿಲ್ಲ. ಮೊಟ್ಟೆ ಮಾಂಸ ಒಳಗೆ ಬಾರದ ಮನೆಗಳಲ್ಲಿ ಈ ವಿಷಯವನ್ನು ನಾಯಿ ತರುವ ಮುನ್ನವೇ ಮಾತನಾಡಿ ಇತ್ಯರ್ಥಪಡಿಸಿಕೊಳ್ಳಬೇಕು. ಅಂಗಡಿಯ ಸಿದ್ಧ ಆಹಾರದ ಪೊಟ್ಟಣಗಳಲ್ಲಿಯೂ ಬಹುತೇಕ ಮಾಂಸದ ಅಂಶವಿರುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷಕಾರಿ. ಸಾರು ಹುಳಿಗಳಲ್ಲಿ ಈರುಳ್ಳಿ ಇರುವುದನ್ನು ಮರೆಯಬಾರದು.

ಆರೋಗ್ಯ ಮತ್ತು ಖರ್ಚು

ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಸಾಕುಪ್ರಾಣಿಯ ಜಂತುನಾಶಕ, ಲಸಿಕೆ ಮತ್ತು ಸಂತಾನಶಕ್ತಿಹರಣದ ಹೊಣೆ ಮಾಲೀಕರದು. ರೇಬೀಸ್ ಲಸಿಕೆಯನ್ನು ಮೂರು ತಿಂಗಳ ವಯಸ್ಸಿನಲ್ಲಿ ಆರಂಭಿಸಿ, ಪಶುವೈದ್ಯರು ಹೇಳಿದ ದಿನ ಎರಡನೆಯದನ್ನೂ, ಅನಂತರ ವರ್ಷಕ್ಕೊಮ್ಮೆಯೂ ಹಾಕಿಸತಕ್ಕದ್ದು. ಹೆಣ್ಣು ನಾಯಿ ಸುಮಾರು 63 ದಿನಗಳಲ್ಲಿ ಮರಿ ಹಾಕುತ್ತದೆ. ಶಸ್ತ್ರಚಿಕಿತ್ಸೆಯನ್ನು ಮುಂದೂಡಿದವರು ಒಂದು ನಾಯಿಯ ಬದಲು ಆರಕ್ಕೆ ಮನೆ ಹುಡುಕಬೇಕಾದೀತು.

ಬೀದಿಯಿಂದ ಬಂದ ಮರಿ ನೋಡಲು ಚುರುಕಾಗಿದ್ದರೂ ಪಾರ್ವೊ ಅಥವಾ ಡಿಸ್ಟೆಂಪರ್ ರೋಗಾಣು ಹೊತ್ತಿರಬಹುದು. ಮನೆಯಲ್ಲಿ ಬೇರೆ ನಾಯಿ ಇದ್ದಲ್ಲಿ ಎರಡು ವಾರ ಪ್ರತ್ಯೇಕವಾಗಿಡಬೇಕು. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಆ ರೋಗದಿಂದ ಮರಿ ಸತ್ತ ಮನೆಗೆ ಲಸಿಕೆ ಪೂರ್ಣವಾಗದ ಇನ್ನೊಂದು ಮರಿಯನ್ನು ಕೂಡಲೇ ತರಬಾರದು. ದುಃಖದಲ್ಲಿರುವ ಮಕ್ಕಳಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಉಣ್ಣೆಯಿಂದ ಬರುವ ಜ್ವರವೂ ನಗರದಲ್ಲಿ ಸಾಮಾನ್ಯ. ಕಿವಿಯೊಳಗೆ ಹಾಗೂ ಬೆರಳ ಸಂದುಗಳಲ್ಲಿ ಆಗಾಗ್ಗೆ ನೋಡಬೇಕು.

ಖರ್ಚಿನ ಲೆಕ್ಕದಲ್ಲಿ ಹಲವರು ತಿಂಗಳ ಆಹಾರವನ್ನು ಮಾತ್ರ ಬರೆಯುತ್ತಾರೆ. ಮುರಿದ ಕಾಲು, ನಾಲ್ಕು ದಿನದ ಗ್ಲೂಕೋಸ್, ಮುಪ್ಪಿನ ಮೂತ್ರಪಿಂಡದ ಕಾಯಿಲೆ ಇವು ಮುಂಗಡ ಹೇಳಿ ಬರುವುದಿಲ್ಲ. ಒಂದು ದೊಡ್ಡ ಚಿಕಿತ್ಸೆಗೆ ಬೇಕಾಗುವಷ್ಟು ಹಣವನ್ನು ಬೇರೆಯಾಗಿಡಲು ಆಗದ ಕುಟುಂಬವು ಒಂದು ವರ್ಷ ತಡೆದು ನೋಡುವುದು ಲೇಸು.

ಮೊದಲ ಮೂರು ವಾರಗಳು

ಹೊಸ ಮನೆಗೆ ಬಂದ ನಾಯಿ ಎರಡು ದಿನ ಅನ್ನ ಮುಟ್ಟದೆ ಮಂಚದ ಕೆಳಗೆ ಕೂರಬಹುದು. ಕುಕ್ಕರಿನ ಸೀಟಿಗೆ, ಪೊರಕೆಗೆ, ಹೆಲ್ಮೆಟ್ ಧರಿಸಿದವರಿಗೆ ಬೆದರಬಹುದು. ಇದು ಕೆಟ್ಟ ನಾಯಿಯ ಲಕ್ಷಣವಲ್ಲ, ಭಯದ ಲಕ್ಷಣ. ನಂಟರಿಗೆ ತೋರಿಸುವುದನ್ನು, ಮಕ್ಕಳು ಅಪ್ಪಿಕೊಳ್ಳುವುದನ್ನು ಈ ಅವಧಿಯಲ್ಲಿ ತಡೆಯಬೇಕು. ಉಣ್ಣುತ್ತಿರುವ ನಾಯಿಯ ಬಳಿ ಚಿಕ್ಕ ಮಕ್ಕಳನ್ನು ಎಂದೂ ಬಿಡಬಾರದು. ಓಡಿಹೋಗುವ ಸಂಭವವೂ ಈಗಲೇ ಹೆಚ್ಚು. ಗೇಟಿನ ಕೆಳಗಿನ ಸಂದು ಮುಚ್ಚಿ, ಕೊರಳಪಟ್ಟಿಗೆ ದೂರವಾಣಿ ಸಂಖ್ಯೆಯ ಬಿಲ್ಲೆ ಕಟ್ಟಬೇಕು. ದೀಪಾವಳಿಯ ಆಸುಪಾಸಿನಲ್ಲಿ ಹೊಸ ನಾಯಿಯನ್ನು ತರದಿರುವುದು ವಿವೇಕ.

ಕಚ್ಚಿದಲ್ಲಿ ಅಥವಾ ಉಗುರು ತಾಗಿ ರಕ್ತ ಬಂದಲ್ಲಿ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಅರಿಶಿನ, ಸುಣ್ಣ ಹಚ್ಚಬಾರದು. ಮನೆಯ ನಾಯಿಯೇ ಎಂಬ ಕಾರಣಕ್ಕೆ ಸುಮ್ಮನಿರುವಂತಿಲ್ಲ.

ಸಾಕಲು ಆಗದಿದ್ದಲ್ಲಿ

ತೀರ್ಮಾನ ಅಸ್ಪಷ್ಟವಾಗಿರುವವರು ಪ್ರಾಣಿ ಕಲ್ಯಾಣ ಸಂಸ್ಥೆಗಳ ಮೂಲಕ ಕೆಲವು ವಾರ ತಾತ್ಕಾಲಿಕ ಪಾಲನೆ ವಹಿಸಿಕೊಂಡು ನೋಡಬಹುದು. ಬೀದಿಯ ನಾಯಿಗೆ ನಿಗದಿತ ಸ್ಥಳದಲ್ಲಿ ಆಹಾರ ನೀಡಿ, ಅದಕ್ಕೆ ಶಸ್ತ್ರಚಿಕಿತ್ಸೆ ಹಾಗೂ ಲಸಿಕೆ ಆಗುವಂತೆ ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ತಿಳಿಸುವುದೂ ಸೇವೆಯೇ; ದತ್ತು ಪಡೆಯದವರು ಕರುಣೆಯಿಲ್ಲದವರೆಂದು ಭಾವಿಸಬೇಕಾಗಿಲ್ಲ.

ಪಡೆದ ಮೇಲೆ ಬಿಟ್ಟುಬಿಡುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಪ್ರಕರಣದಡಿ ಅಪರಾಧ. ಮೊದಲ ಅಪರಾಧಕ್ಕೆ ಅದರಲ್ಲಿ ಹೇಳಿರುವ ದಂಡ 10ರಿಂದ 50 ರೂಪಾಯಿ. ಮೊತ್ತ ಆ ಕಾಲದ್ದು, ನಾಯಿ ಪಡುವ ಪಾಡಿಗೂ ಅದಕ್ಕೂ ಸಂಬಂಧವಿಲ್ಲ. ವರ್ಗಾವಣೆ, ಅನಾರೋಗ್ಯ ಮುಂತಾದ ನಿಜವಾದ ಕಾರಣಗಳಿದ್ದಲ್ಲಿ, ನಾಯಿಯನ್ನು ನೀಡಿದ ಸಂಸ್ಥೆಗೆ ಅಥವಾ ಪಾಲಿಕೆಗೆ ಮುಂಚಿತವಾಗಿ ತಿಳಿಸಿ, ಹೊಸ ಮನೆ ಸಿಗುವವರೆಗೆ ತಮ್ಮಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಹಸ್ತಾಂತರದ ವೇಳೆ ಲಸಿಕೆ ಪುಸ್ತಕ, ಶಸ್ತ್ರಚಿಕಿತ್ಸೆಯ ಚೀಟಿ ಹಾಗೂ ನಾಯಿ ಕಚ್ಚಿದ ಪ್ರಸಂಗವೇನಾದರೂ ಇದ್ದಲ್ಲಿ ಅದರ ವಿವರವನ್ನು ಮುಚ್ಚಿಡದೆ ಲಿಖಿತವಾಗಿ ನೀಡತಕ್ಕದ್ದು.