ಒಂದೇ ಅಪ್ಪನ ಮಕ್ಕಳು



'ಅಂಡರ್‌ವರ್ಲ್ಡ್: ಎವಲ್ಯೂಷನ್' ಮತ್ತೊಮ್ಮೆ ನೋಡ್ದೆ. 2003ರ 'ಅಂಡರ್‌ವರ್ಲ್ಡ್'ನ ಎರಡನೇ ಭಾಗ, 2006ರದ್ದು. ರಕ್ತ ಹೀರೋ ವ್ಯಾಂಪೈರ್‌ಗಳು, ತೋಳಗಳಾಗೋ ಲೈಕನ್‌ಗಳು, ಗುಂಡು, ಕತ್ತಿ. ಟೈಂಪಾಸ್ ಅಂತ ಬಿಟ್ಟುಬಿಡಬಹುದು. ನನ್ನ ಕೈಲಿ ಆಗಲ್ಲ.

ಈ ಪಾತ್ರಗಳನ್ನು ಹುಟ್ಟುಹಾಕಿದವರಲ್ಲಿ ಒಬ್ಬರು ಕೆವಿನ್ ಗ್ರೆವಿಯೂ, ಕಪ್ಪು ಲೇಖಕ, ನಟ. ಕಪ್ಪು-ಬಿಳಿ ಜೋಡಿಗಳ ಪ್ರೀತಿಗೆ ಎದುರಾಗೋ ಕಷ್ಟದಿಂದಲೇ ಈ ಕಥೆ ಹುಟ್ಟಿದ್ದು ಅಂತ ಅವರೇ ಹೇಳಿದ್ದಾರೆ. ಮೊದಲ ಭಾಗದಲ್ಲಿ ಲೈಕನ್‌ಗಳು ಒಂದು ಕಾಲಕ್ಕೆ ವ್ಯಾಂಪೈರ್‌ಗಳ ಗುಲಾಮರು, ಹಗಲು ಹೊತ್ತು ಒಡೆಯರನ್ನು ಕಾಯೋರು. ಒಡೆಯ ವಿಕ್ಟರ್‌ನ ಮಗಳು ಸೋನ್ಯಾ, ಗುಲಾಮ ಲೂಸಿಯನ್‌ನನ್ನು ಪ್ರೀತಿಸಿ ಬಸುರಾಗ್ತಾಳೆ. ಅಪ್ಪನೇ ಅವಳನ್ನು ಬಿಸಿಲಿಗೆ ಒಡ್ಡಿ ಸುಡಿಸ್ತಾನೆ. ಪೇಪರ್‌ನೋರು ಇದಕ್ಕೆ ಮರ್ಯಾದೆ ಹತ್ಯೆ ಅಂತಾರೆ. ನಾವು ಮರ್ಯಾದೆಗೇಡು ಹತ್ಯೆ ಅಂತೀವಿ.

ಎರಡನೇ ಭಾಗ ಚರಿತ್ರೆಯನ್ನೇ ಅಗೆಯುತ್ತೆ. ವ್ಯಾಂಪೈರ್ ಕುಲದ ಮೂಲಪುರುಷ ತಾನೇ ಅಂತ ವಿಕ್ಟರ್ ಸಾರಿಕೊಂಡಿದ್ದು ಸುಳ್ಳು. ಮೊದಲಿಗ ಮಾರ್ಕಸ್. ಮೊದಲ ತೋಳ ಆ ಮಾರ್ಕಸ್‌ನ ಒಡಹುಟ್ಟಿದ ವಿಲಿಯಂ. ಇಬ್ಬರಿಗೂ ಅಪ್ಪ ಒಬ್ಬನೇ! ವಿಲಿಯಂನ ಸೆರೆಮನೆ ಕಟ್ಟಿದವನು ನಾಯಕಿ ಸೆಲೀನಳ ಅಪ್ಪ. ಗುಟ್ಟು ಬಯಲಾಗದಿರಲಿ ಅಂತ ವಿಕ್ಟರ್ ಆ ಮನೆಯವರನ್ನೇ ಕೊಂದು, ಕೊಲೆಯನ್ನು ಲೈಕನ್‌ಗಳ ತಲೆಗೆ ಕಟ್ಟಿರ್ತಾನೆ. ನಿಜ ಬರೆದಿಟ್ಟ ಚರಿತ್ರಕಾರ ಟ್ಯಾನಿಸ್‌ಗೆ ಗಡಿಪಾರು.

ಇದು ಬರೀ ಕಟ್ಟುಕಥೆ ಅಲ್ಲ. ಅಮೆರಿಕದ ವರ್ಜೀನಿಯಾ 1924ರಲ್ಲಿ ಜನಾಂಗ ಶುದ್ಧತೆಯ ಕಾಯ್ದೆ ತಂತು. ಬಿಳಿಯರಲ್ಲದ ಒಂದು ಹನಿ ರಕ್ತ ಇದ್ರೂ ನೀನು ಬಿಳಿಯ ಅಲ್ಲ. ಆದ್ರೆ ಅಲ್ಲಿನ ದೊಡ್ಡ ಮನೆತನಗಳು ತಾವು ಪೊಕಾಹೊಂಟಸ್ ಎಂಬ ಆದಿವಾಸಿ ಹೆಣ್ಣುಮಗಳ ವಂಶ ಅಂತ ಹೆಮ್ಮೆಪಡ್ತಿದ್ವು. ಅವರಿಗೋಸ್ಕರ ಹದಿನಾರನೇ ಒಂದು ಪಾಲು ಆದಿವಾಸಿ ರಕ್ತಕ್ಕೆ ವಿನಾಯಿತಿ! ಅದೇ ಹೊತ್ತಿಗೆ ಜನನ-ಮರಣ ದಾಖಲೆಯ ಅಧಿಕಾರಿ ವಾಲ್ಟರ್ ಪ್ಲೆಕರ್, ಬಡ ಆದಿವಾಸಿಗಳನ್ನು ಕಾಗದದ ಮೇಲೆ 'ಬಣ್ಣದವರು' ಅಂತ ತಿದ್ದಿ ಅವರ ಗುರುತನ್ನೇ ಅಳಿಸಿದ.

1958ರಲ್ಲಿ ಮಿಲ್ಡ್ರೆಡ್ ಮತ್ತು ರಿಚರ್ಡ್ ಲವಿಂಗ್ ಮದುವೆಯಾದ್ರು. ನಡುರಾತ್ರಿ ಪೊಲೀಸರು ಮಲಗೋ ಕೋಣೆಗೇ ನುಗ್ಗಿದ್ರು. ಒಂದೋ ಜೈಲು, ಇಲ್ಲವೋ 25 ವರ್ಷ ರಾಜ್ಯ ಬಿಟ್ಟು ಹೋಗಿ ಅಂತ ಶಿಕ್ಷೆ. ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದು ಮಾಡಿದ್ದು 1967ರಲ್ಲಿ.

1936ರಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ' ಭಾಷಣ ಬರೆದಾಗ ಲಾಹೋರಿನ ಸಂಘಟಕರು ಹೆದರಿ ಸಮ್ಮೇಳನವನ್ನೇ ರದ್ದು ಮಾಡಿದ್ರು. ಅವರು ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದ್ರು. ಅದರಲ್ಲಿರೋ ವಾದವೂ ಇದೇ: ಈ ದೇಶದಲ್ಲಿ ರಕ್ತ ಬೆರೆತ ಎಷ್ಟೋ ಕಾಲದ ಮೇಲೆ ಜಾತಿ ಬಂತು, ಶುದ್ಧ ರಕ್ತ ಅನ್ನೋದು ಸುಳ್ಳು, ಅಂತರ್ಜಾತಿ ಮದುವೆಯೇ ಮದ್ದು.

ಸಿನಿಮಾ ಬಗ್ಗೆ ನನ್ನ ತಕರಾರೂ ಇದೆ. ಎರಡನೇ ಭಾಗದಲ್ಲಿ ಗುಲಾಮರು ಹಿಂದೆ ಸರಿದು, ಅದು ಒಡೆಯರ ಮನೆಯ ಅಣ್ಣತಮ್ಮಂದಿರ ಜಗಳ ಆಗಿಬಿಡುತ್ತೆ. ಗುಲಾಮರ ದಂಗೆ ನೋಡೋಕೆ 2009ರ ಮೂರನೇ ಭಾಗದವರೆಗೆ ಕಾಯಬೇಕಾಯ್ತು.

ಒಂದೇ ಅಪ್ಪನ ಮಕ್ಕಳು ಅಂತ ಗೊತ್ತಾದ್ರೆ ಸಾಲದು. ಸರಪಳಿ ಹಾಕಿದ್ದು ಯಾರು, ಹೊತ್ತಿದ್ದು ಯಾರು ಅಂತಾನೂ ಬರೀಬೇಕು. ಅದನ್ನ ನಾವೇ ಬರೀಬೇಕು.

ಜೈ ಭೀಮ್.