ಗ್ರೀಕ್ ರುದ್ರನಾಟಕದ ದೇವತೆಗಳೂ ಕ್ರೈಸ್ತ ದೈವಕಲ್ಪನೆಯೂ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡು ದೂರದ ದೈವಕಲ್ಪನೆಗಳು ಕನ್ನಡದಲ್ಲಿ ಕಾವ್ಯರೂಪವನ್ನು ತಾಳಿದುವು. ಬಿ. ಎಂ. ಶ್ರೀಕಂಠಯ್ಯನವರು ಸಾಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಆಧರಿಸಿ ೧೯೨೯ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಹೊರತಂದರು. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಖಂಡಕಾವ್ಯವನ್ನು ರಚಿಸಿದರು. ಈ ಎರಡು ಪರಂಪರೆಗಳನ್ನು ಕುರಿತು ಮಾತನಾಡುವಾಗಲೂ ನಾವು ‘ದೇವರು’ ಎಂಬ ಒಂದೇ ಪದವನ್ನು ಬಳಸುತ್ತೇವೆ. ಆ ಪದದ ಅರ್ಥ ಎರಡು ಕಡೆಯೂ ಒಂದೆಯೇ ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

‘ಏಜಾಕ್ಸ್’ ನಾಟಕದ ಆರಂಭದಲ್ಲಿಯೇ ಅಥೀನಾ ದೇವಿಯು ವೀರನಿಗೆ ಮತಿಭ್ರಮೆಯನ್ನು ಉಂಟುಮಾಡಿರುತ್ತಾಳೆ. ಅವನು ಶತ್ರುಗಳೆಂದು ಬಗೆದು ದನಕುರಿಗಳನ್ನು ಕೊಂದಿದ್ದಾನೆ. ಆ ದುರವಸ್ಥೆಯನ್ನು ಅವಳು ಅವನ ವೈರಿಯಾದ ಒಡಿಸ್ಯೂಸನಿಗೆ ತೋರಿಸುತ್ತಾಳೆ. ಆದರೆ ಮರುಗುವವನು ಒಡಿಸ್ಯೂಸ್, ದೇವಿಯಲ್ಲ. ಕೊನೆಗೆ ಏಜಾಕ್ಸನ ಶವಕ್ಕೆ ಸಂಸ್ಕಾರವನ್ನು ದೊರಕಿಸಿಕೊಡುವವನೂ ಅವನೇ. ಕ್ರಿ. ಪೂ. ೪೨೮ರಲ್ಲಿ ಪ್ರದರ್ಶಿತವಾದ ಯೂರಿಪಿಡಿಸನ ‘ಹಿಪ್ಪೊಲಿಟಸ್’ ನಾಟಕದಲ್ಲಿ ಈ ಅಂತರ ಇನ್ನೂ ಸ್ಫುಟವಾಗಿದೆ. ಆರ್ಟೆಮಿಸ್ ದೇವಿಯು ಸಾಯುತ್ತಿರುವ ತನ್ನ ಭಕ್ತನ ಬಳಿಗೆ ಬರುತ್ತಾಳೆ. ಪ್ರಾಣ ಹೋಗುವ ಮುನ್ನವೇ ಹೊರಟುಹೋಗುತ್ತಾಳೆ. ಮರಣವನ್ನು ನೋಡುವುದು ಅವಳಿಗೆ ನಿಷಿದ್ಧ. ತಂದೆಯನ್ನು ಕ್ಷಮಿಸುವ ಭಾರ ಸಾಯುವ ಮಗನ ಪಾಲಿಗೆ ಉಳಿಯುತ್ತದೆ.

ಕ್ರೈಸ್ತ ಕಲ್ಪನೆಯಲ್ಲಿ ಇದು ತಲೆಕೆಳಗಾಗುತ್ತದೆ. ಅಲ್ಲಿ ದೇವರು ಮರಣವನ್ನು ಕಂಡು ಹಿಂದೆಗೆಯುವುದಿಲ್ಲ. ಮನುಷ್ಯನಾಗಿ ತಾನೇ ಅದನ್ನು ಅನುಭವಿಸುತ್ತಾನೆ. ತನ್ನನ್ನು ಕೊಲ್ಲುವವರಿಗಾಗಿ ಪ್ರಾರ್ಥಿಸುವವನೂ ಅವನೇ.

ಈಸ್ಕಿಲಸನದೆಂದು ಪರಂಪರೆ ಹೇಳುವ ನಾಟಕವೊಂದರಲ್ಲಿ, ಮಾನವರಿಗೆ ಬೆಂಕಿಯನ್ನು ತಂದಿತ್ತ ಪ್ರೊಮೀಥ್ಯೂಸನೂ ಬಂಡೆಗೆ ಬಿಗಿಯಲ್ಪಟ್ಟು ನರಳುವುದಿಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಆದರೆ ಅವನು ಸ್ಯೂಸನನ್ನು ಎದುರಿಸಿ ನರಳುತ್ತಾನೆ. ಯೇಸು ಗೆತ್ಸೆಮನೆಯಲ್ಲಿ ತಂದೆಯ ಇಚ್ಛೆಗೆ ಮಣಿದು ನೋವನ್ನು ಒಪ್ಪಿಕೊಳ್ಳುತ್ತಾನೆ. ಒಂದು ಪ್ರತಿಭಟನೆ, ಇನ್ನೊಂದು ಸಮರ್ಪಣೆ.

ಈ ಭೇದವು ಕನ್ನಡದ ಒಂದು ಹಳೆಯ ಆಕ್ಷೇಪಕ್ಕೂ ಬೆಳಕನ್ನೀಯುತ್ತದೆ. ಭಾರತದ ಅಶ್ವತ್ಥಾಮನು ಕೃಷ್ಣನ ಶಾಪದಿಂದ ಮೂರು ಸಾವಿರ ವರ್ಷ ಅಲೆಯಬೇಕಾದವನು, ಸಂಪ್ರದಾಯದಲ್ಲಿ ಚಿರಂಜೀವಿ. ಅವನನ್ನು ಶ್ರೀಕಂಠಯ್ಯನವರು ರಂಗದ ಮೇಲೆ ಸಾಯಿಸಿದರೆಂಬ ಆಕ್ಷೇಪ ಅಕಾರಣವಾದುದಲ್ಲ. ಆದರೆ ಗ್ರೀಕ್ ರುದ್ರನಾಟಕದಲ್ಲಿ ದೈವವು ನೊಂದವನನ್ನು ಉದ್ಧರಿಸಲು ಬರುವುದು ವಿರಳ. ಸಾವೊಂದೇ ವೀರನ ಅವಮಾನಕ್ಕೆ ಕೊನೆ. ಉಳಿದವರ ಮರುಕವೇ ಅವನಿಗೆ ಗತಿ. ಆ ದರ್ಶನವನ್ನು ಕನ್ನಡಕ್ಕೆ ತರಬೇಕಾದರೆ ಚಿರಂಜೀವಿಯೂ ಸಾಯಬೇಕಾಯಿತು.

ಆದ್ದರಿಂದ ಕ್ರೈಸ್ತ ಅಳತೆಗೋಲಿನಿಂದ ಅಳೆದು ಗ್ರೀಕ್ ದೇವತೆಗಳನ್ನು ಕ್ರೂರರೆಂದು ತಳ್ಳಿಹಾಕುವುದು ಯುಕ್ತವಲ್ಲ. ಈ ನಾಟಕಗಳಲ್ಲಿ ದೇವತೆಯು ಮನುಷ್ಯನು ಮೀರಲಾಗದ ಎಲ್ಲೆಯನ್ನು ತೋರಿಸುತ್ತದೆ. ಕರುಣೆಯು ಮನುಷ್ಯನ ಹೊಣೆಯಾಗಿ ಉಳಿಯುತ್ತದೆ. ಸುವಾರ್ತೆಯಲ್ಲಿ ಕರುಣೆಯು ದೇವರ ಸ್ವಭಾವ. ಮನುಷ್ಯನು ಅದನ್ನು ಅವನಿಂದ ಕಲಿಯಬೇಕು. ‘ದೇವರು’ ಎಂಬ ನಮ್ಮ ಪದವು ಈ ಎರಡು ಅರ್ಥಗಳನ್ನೂ ಹೊರುತ್ತಿದೆ. ಓದುವಾಗ ಅವುಗಳನ್ನು ಬೇರ್ಪಡಿಸಿ ತಿಳಿಯುವುದು ನಮ್ಮ ಕರ್ತವ್ಯ.